ದುಬಾರಿ ವಿಶ್ವವಿದ್ಯಾಲಯಗಳ ಆರ್ಥಿಕ ನೆರವು: ಉದಾರ ಹೌದು, ಆದರೆ ಯಾರಿಗೆ, ಎಷ್ಟು?

(ಸಂಘದ ಮಹಿಳಾ ವಿಭಾಗ ಏರ್ಪಡಿಸಿದ್ದ ‘ಮಕ್ಕಳ ಉನ್ನತ ಶಿಕ್ಷಣ’ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ದುಬಾರಿ ಖಾಸಗಿ ವಿಶ್ವವಿದ್ಯಾಲಯಗಳು ಕೊಡುವ ಆರ್ಥಿಕ ನೆರವು ನಿಜವಾಗಿ ಎಷ್ಟು ಉದಾರ? ಇದು ನನಗೆ ಕೊಟ್ಟಿರುವ ವಿಷಯ. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಶ್ನೆ ಕಳಿಸಿ ಎಂದಾಗ ಹೆಚ್ಚಿನವರು ಕೇಳಿದ್ದು ಅಮೆರಿಕದ ಬಗ್ಗೆ, ಅದರಲ್ಲೂ ಹನ್ನೆರಡನೆಯ ತರಗತಿ ಮುಗಿಸಿ ನಾಲ್ಕು ವರ್ಷದ ಪದವಿಗೆ ಹೋಗುವುದರ ಬಗ್ಗೆ. ಆದ್ದರಿಂದ ಹೆಚ್ಚು ಹೊತ್ತು ಅಲ್ಲಿಯ ಮಾತಾಡಿ, ಕೊನೆಗೆ ನಮ್ಮ ದೇಶದ ಖಾಸಗಿ ವಿಶ್ವವಿದ್ಯಾಲಯಗಳಿಗೆ ಬರುತ್ತೇನೆ. ನಾನು ಶಿಕ್ಷಣ ತಜ್ಞೆಯಲ್ಲ. ಸರಕಾರಿ ಬ್ಯಾಂಕೊಂದರಲ್ಲಿ 28 ವರ್ಷ ದುಡಿದವಳು, ಅದರಲ್ಲಿ ಕೊನೆಯ 11 ವರ್ಷ ಶಿಕ್ಷಣ ಸಾಲದ ಮೇಜಿನಲ್ಲಿ ಕೂತವಳು. ಮಕ್ಕಳು ಕನಸು ಹೊತ್ತು ಬರುತ್ತಿದ್ದರು, ತಂದೆತಾಯಿ ಫ್ಲ್ಯಾಟಿನ ಕಾಗದಪತ್ರ ಹೊತ್ತು ಬರುತ್ತಿದ್ದರು. ಎರಡನ್ನೂ ಒಟ್ಟಿಗೆ ನೋಡಿದ ಅನುಭವವಷ್ಟೇ ನನ್ನ ಬಂಡವಾಳ.

ಮೊದಲು ಬೆಲೆಯ ಮಾತು. ಹಾರ್ವರ್ಡ್‌ನಲ್ಲಿ 2025-26ನೇ ಸಾಲಿಗೆ ಬೋಧನಾ ಶುಲ್ಕ, ಇತರ ಶುಲ್ಕ, ವಸತಿ, ಊಟ ಎಲ್ಲ ಸೇರಿ ಸುಮಾರು 87 ಸಾವಿರ ಡಾಲರ್. ಲೆಕ್ಕ ಸುಲಭವಾಗಲಿ ಎಂದು ಡಾಲರಿಗೆ 90 ರೂಪಾಯಿ ಹಿಡಿಯೋಣ. ವರ್ಷಕ್ಕೆ 78 ಲಕ್ಷ, ನಾಲ್ಕು ವರ್ಷಕ್ಕೆ ಮೂರು ಕೋಟಿಗೂ ಮೇಲೆ. ಇದನ್ನು ಕೇಳಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಆ ಹೆಸರನ್ನು ಅಲ್ಲಿಗೇ ಬಿಟ್ಟುಬಿಡುತ್ತೇವೆ. ‘ಅದು ನಮ್ಮಂಥವರಿಗಲ್ಲ ಬಿಡಿ’ ಅನ್ನುತ್ತೇವೆ.

ಆದರೆ ಸೀರೆ ಅಂಗಡಿಯಲ್ಲಿ ಚೀಟಿಯ ಮೇಲಿನ ಬೆಲೆಯೇ ಕೊನೆಯ ಬೆಲೆ ಎಂದು ನಾವು ಯಾವತ್ತಾದರೂ ನಂಬಿದ್ದೇವಾ? ಅದೇ ಹಾರ್ವರ್ಡ್ 2025ರ ಮಾರ್ಚ್‌ನಲ್ಲಿ ಪ್ರಕಟಿಸಿದ ನಿಯಮ ಕೇಳಿ. ಕುಟುಂಬದ ವಾರ್ಷಿಕ ಆದಾಯ 1 ಲಕ್ಷ ಡಾಲರ್‌ವರೆಗೆ ಇದ್ದು, ಆಸ್ತಿ ಸಾಮಾನ್ಯ ಮಟ್ಟದ್ದಾಗಿದ್ದರೆ, ತಂದೆತಾಯಿ ಏನೂ ಕೊಡಬೇಕಾಗಿಲ್ಲ. ಶುಲ್ಕ, ಊಟ, ವಸತಿ, ಆರೋಗ್ಯ ವಿಮೆ, ಊರಿಗೆ ಹೋಗಿಬರುವ ಖರ್ಚು ಕೂಡ ಅವರದೇ. ಆದಾಯ 2 ಲಕ್ಷ ಡಾಲರ್‌ವರೆಗೆ ಇದ್ದರೆ ಬೋಧನಾ ಶುಲ್ಕ ಇಲ್ಲ. ಎಂಐಟಿ ಕೂಡ 2025ರಿಂದ ಇದೇ ಮಿತಿಗಳನ್ನು ಜಾರಿಗೆ ತಂದಿದೆ. ಪ್ರಿನ್ಸ್‌ಟನ್ ಇನ್ನೂ ಮುಂದೆ ಹೋಗಿದೆ: ಒಂದೂವರೆ ಲಕ್ಷ ಡಾಲರ್ ಆದಾಯದವರೆಗಿನ ಹೆಚ್ಚಿನ ಕುಟುಂಬಗಳಿಗೆ ಪೂರ್ತಿ ಖರ್ಚು ಉಚಿತ. 1 ಲಕ್ಷ ಡಾಲರ್ ಎಂದರೆ ನಮ್ಮ ಲೆಕ್ಕದಲ್ಲಿ 90 ಲಕ್ಷ ರೂಪಾಯಿ. ಈ ಸಭಾಂಗಣದಲ್ಲಿ ಕೂತಿರುವ ಬಹುತೇಕ ಮನೆಗಳ ವರಮಾನ ಅದರೊಳಗೇ ಬರುತ್ತದೆ. ಮುಂಬಯಿಯವರಿಗೆ ಇನ್ನೊಂದು ಮುಖ್ಯ ಸಂಗತಿ ಇದೆ. ನಾವು ವಾಸಿಸುವ ಮನೆಯ ಮೌಲ್ಯವನ್ನು ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂಬಳ ಸಾಧಾರಣ, ಆದರೆ ಇಪ್ಪತ್ತು ವರ್ಷದ ಹಿಂದೆ ಕೊಂಡ ಫ್ಲ್ಯಾಟಿನ ಬೆಲೆ ಆಕಾಶಕ್ಕೇರಿದೆ ಎನ್ನುವ ಮನೆಗಳಿಗೆ ಇದು ದೊಡ್ಡ ವಿಷಯ. ಎಲ್ಲ ಕಾಲೇಜುಗಳೂ ಹೀಗೆ ಮಾಡುವುದಿಲ್ಲ, ಕೆಲವು ಮನೆಯ ಮೌಲ್ಯವನ್ನೂ ಕೂಡಿಸುತ್ತವೆ. ಒಂದೊಂದರ ನಿಯಮವನ್ನೂ ಬೇರೆಬೇರೆಯಾಗಿ ಓದಬೇಕು.

ಇಷ್ಟು ಹಣ ಅವರಿಗೆ ಎಲ್ಲಿಂದ ಬರುತ್ತದೆ? ಹಳೆಯ ವಿದ್ಯಾರ್ಥಿಗಳು, ದಾನಿಗಳು ತಲೆಮಾರುಗಳಿಂದ ಕೊಟ್ಟ ದತ್ತಿನಿಧಿಯಿಂದ. 2024ರಲ್ಲಿ ಹಾರ್ವರ್ಡ್‌ನ ದತ್ತಿನಿಧಿ 5,300 ಕೋಟಿ ಡಾಲರ್ ದಾಟಿತ್ತು. ಮೂಲಧನ ಮುಟ್ಟದೆ ಅದರ ಗಳಿಕೆಯ ಒಂದು ಭಾಗವನ್ನು ಪ್ರತಿ ವರ್ಷ ಖರ್ಚು ಮಾಡುತ್ತಾರೆ. ನಮ್ಮ ಸಂಘದ ವಿದ್ಯಾರ್ಥಿವೇತನ ನಿಧಿ ನಡೆಯುವುದೂ ಹೀಗೇ ತಾನೆ, ಸೊನ್ನೆಗಳು ಸ್ವಲ್ಪ ಕಡಿಮೆ ಅಷ್ಟೇ! ನೆರವಿನಲ್ಲಿ ಸಾಲವನ್ನು ಸೇರಿಸದೆ ಪೂರ್ತಿ ಅನುದಾನವನ್ನೇ ಕೊಡುವ ಪದ್ಧತಿಯನ್ನು 2001ರಲ್ಲಿ ಮೊದಲು ತಂದದ್ದು ಪ್ರಿನ್ಸ್‌ಟನ್. ಆಮೇಲೆ ಬೇರೆ ಶ್ರೀಮಂತ ವಿಶ್ವವಿದ್ಯಾಲಯಗಳು ಅದೇ ದಾರಿ ಹಿಡಿದವು. ಅತಿ ಶ್ರೀಮಂತ ದತ್ತಿನಿಧಿಗಳ ಗಳಿಕೆಯ ಮೇಲೆ ಶೇ. 1.4 ಇದ್ದ ತೆರಿಗೆಯನ್ನು ಅಮೆರಿಕದ ಸರಕಾರ 2025ರ ಕಾನೂನಿನಲ್ಲಿ ಶೇ. 8ರವರೆಗೆ ಏರಿಸಿದೆ. ಆದ್ದರಿಂದ ಇವತ್ತಿನ ನಿಯಮ ಐದು ವರ್ಷದ ನಂತರವೂ ಹೀಗೇ ಇರುತ್ತದೆ ಎಂದು ಎಂಟನೆಯ ತರಗತಿಯ ಮಗುವಿನ ತಾಯಿ ಈಗಲೇ ನಂಬಿ ಕೂರಬಾರದು.

ಇಲ್ಲಿಯವರೆಗೆ ಕೇಳಿದರೆ ಎಲ್ಲ ಸಿಹಿ. ಈಗ ‘ಯಾರಿಗೆ’ ಎಂಬ ಪ್ರಶ್ನೆಗೆ ಬರೋಣ. ವಿದೇಶಿ ವಿದ್ಯಾರ್ಥಿಗಳ ಮಟ್ಟಿಗೆ ಅಲ್ಲಿನ ಖಾಸಗಿ ಕಾಲೇಜುಗಳನ್ನು ಮೂರು ಗುಂಪು ಮಾಡಬಹುದು.

ಮೊದಲ ಗುಂಪಿನವರು ಪ್ರವೇಶ ಕೊಡುವಾಗ ನಿಮ್ಮ ಹತ್ತಿರ ಹಣ ಇದೆಯೋ ಇಲ್ಲವೋ ನೋಡುವುದೇ ಇಲ್ಲ. ಪ್ರವೇಶ ಕೊಟ್ಟ ಮೇಲೆ, ನಿಮ್ಮ ಶಕ್ತಿ ಎಷ್ಟು ಎಂದು ಅಳೆದು, ಕಡಿಮೆ ಬಿದ್ದದ್ದನ್ನು ಪೂರ್ತಿ ತುಂಬಿಕೊಡುತ್ತಾರೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಬ್ರೌನ್, ಆಮ್‌ಹರ್ಸ್ಟ್, ಬೋಡನ್ ಈ ಗುಂಪಿನವು. ಇಡೀ ಅಮೆರಿಕದಲ್ಲಿ ಹುಡುಕಿದರೂ ಇಂಥವು ಹತ್ತರ ಆಜುಬಾಜಿನಲ್ಲಿವೆ. ಸಾವಿರಾರು ಕಾಲೇಜುಗಳಿರುವ ದೇಶದಲ್ಲಿ ಬರೇ ಹತ್ತು. ಹಾರ್ವರ್ಡ್, ಎಂಐಟಿಯಂಥ ಕಡೆ ಅರ್ಜಿ ಹಾಕಿದ ನೂರು ಮಂದಿಯಲ್ಲಿ ಐದು ಮಂದಿಗೂ ಪ್ರವೇಶ ಸಿಗುವುದಿಲ್ಲ. ಉದಾರತೆ ನಿಜ, ಬಾಗಿಲು ಮಾತ್ರ ಬಹಳ ಕಿರಿದು.

ಎರಡನೆಯ ಗುಂಪಿನವರು ಪ್ರವೇಶ ಕೊಟ್ಟವರಿಗೆ ಪೂರ್ತಿ ತುಂಬಿಕೊಡುತ್ತಾರೆ, ಆದರೆ ವಿದೇಶಿ ವಿದ್ಯಾರ್ಥಿ ನೆರವು ಕೇಳಿದ್ದಾನೆಯೇ ಎನ್ನುವುದನ್ನು ಪ್ರವೇಶದ ಹೊತ್ತಿಗೇ ನೋಡುತ್ತಾರೆ. ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಡ್ಯೂಕ್ ಇಂಥವು. ಇಲ್ಲಿ ಒಂದು ಎಚ್ಚರಿಕೆ. ‘ನೆರವು ಬೇಡ ಎಂದು ಗುರುತು ಹಾಕಿ, ಸೀಟು ಸಿಗುವ ಸಾಧ್ಯತೆ ಹೆಚ್ಚುತ್ತದೆ, ಒಳಗೆ ಹೋದ ಮೇಲೆ ಕೇಳಿದರಾಯಿತು’ ಎಂದು ಸಲಹೆ ಕೊಡುವವರಿದ್ದಾರೆ. ಸ್ಟ್ಯಾನ್‌ಫರ್ಡ್‌ನಲ್ಲಿ ಅರ್ಜಿಯ ಹೊತ್ತಿಗೆ ನೆರವು ಕೇಳದ ವಿದೇಶಿ ವಿದ್ಯಾರ್ಥಿ ನಾಲ್ಕು ವರ್ಷದಲ್ಲಿ ಯಾವಾಗಲೂ ಕೇಳುವ ಹಾಗಿಲ್ಲ. ಆ ಒಂದು ಗುರುತಿನ ಬೆಲೆ ಕೋಟಿಗಳಲ್ಲಿ.

ಮೂರನೆಯ ಗುಂಪೇ ದೊಡ್ಡದು. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಪ್ರವೇಶ ಸಿಗುವುದು ಇಲ್ಲಿಯೇ. ಇವರು ಕೊಡುವುದು ‘ಮೆರಿಟ್ ಸ್ಕಾಲರ್‌ಶಿಪ್’. ಪತ್ರ ಚೆಂದ ಇರುತ್ತದೆ, ಅಭಿನಂದನೆ ಇರುತ್ತದೆ, ದೊಡ್ಡ ಅಂಕಿಯೂ ಇರುತ್ತದೆ. ಇದರ ಗುಟ್ಟು ಹೇಳುತ್ತೇನೆ. ಅಲ್ಲಿನ ಕಾಲೇಜುಗಳ ಹಣಕಾಸು ಅಧಿಕಾರಿಗಳ ಸಂಘ, ನಾಕುಬೊ ಎನ್ನುತ್ತಾರೆ, ಅದು ಪ್ರತಿ ವರ್ಷ ಖಾಸಗಿ ಕಾಲೇಜುಗಳ ಸಮೀಕ್ಷೆ ಮಾಡುತ್ತದೆ. 2023-24ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಆ ಕಾಲೇಜುಗಳು ಬೋಧನಾ ಶುಲ್ಕದಲ್ಲಿ ಬಿಟ್ಟುಕೊಟ್ಟದ್ದು ಸರಾಸರಿ ಶೇ. 56. ಅರ್ಥ ಆಯಿತಲ್ಲ? ಅರ್ಧಕ್ಕಿಂತ ಹೆಚ್ಚು ರಿಯಾಯಿತಿ ಅಲ್ಲಿ ರೂಢಿ. ನಿಮ್ಮ ಮಗುವಿನ ಜಾಣತನಕ್ಕೆ ಕೊಟ್ಟ ಗೌರವ ಅದರಲ್ಲಿ ಇಲ್ಲವೆಂದಲ್ಲ, ಆದರೆ ಸೀಟು ತುಂಬಿಸುವ ವ್ಯಾಪಾರವೂ ಇದೆ. ಶೇ. 30 ಬಿಟ್ಟರು ಎಂದು ನಾವು ಪೇಡೆ ಹಂಚುವ ಮೊದಲು ಉಳಿದ ಶೇ. 70 ಯಾರು ಕೊಡುತ್ತಾರೆ ಎಂದು ಕೇಳಬೇಕು.

ನನ್ನ ಮೇಜಿನ ಮುಂದೆ ನಡೆದ ಒಂದು ಸಂಗತಿ ಹೇಳುತ್ತೇನೆ. ಡೊಂಬಿವಲಿಯ ಒಂದು ಕುಟುಂಬ, ಮೂಲ ಗದಗಿನ ಕಡೆಯವರು. ಮಗಳಿಗೆ ಅಮೆರಿಕದ ಖಾಸಗಿ ವಿಶ್ವವಿದ್ಯಾಲಯವೊಂದರಿಂದ ‘1 ಲಕ್ಷ ಡಾಲರ್ ಸ್ಕಾಲರ್‌ಶಿಪ್’ ಎಂಬ ಪತ್ರ ಬಂದಿತ್ತು. ತಂದೆ ಫ್ಲ್ಯಾಟಿನ ಅಗ್ರೀಮೆಂಟು, ಸೊಸೈಟಿಯ ಶೇರ್ ಸರ್ಟಿಫಿಕೇಟು ಎಲ್ಲ ಫೈಲಿನಲ್ಲಿ ಜೋಡಿಸಿಕೊಂಡೇ ಬಂದಿದ್ದರು. ತಾಯಿ ಪಕ್ಕದಲ್ಲಿ ಸುಮ್ಮನೆ ಕೂತಿದ್ದರು. ಆಕೆ ಮನೆಯಲ್ಲೇ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುವವರು. ನಾನು ಫಾರಂ ತೆಗೆಯುವಷ್ಟರಲ್ಲಿ ಆಕೆ ಕೇಳಿದರು: “ಮೇಡಂ, ಈ ಲಕ್ಷ ಡಾಲರ್ ಅನ್ನೂದು ಒಂದ ವರ್ಷದ್ದೋ, ನಾಕೂ ವರ್ಷ ಕೂಡಿಸಿದ್ದೋ?”

ಪತ್ರವನ್ನು ಮತ್ತೆ ಓದಿದೆವು. ನಾಲ್ಕೂ ವರ್ಷ ಸೇರಿಸಿದ್ದು. ಅಂದರೆ ವರ್ಷಕ್ಕೆ 25 ಸಾವಿರ. ಅಲ್ಲಿನ ಒಟ್ಟು ಖರ್ಚು ವರ್ಷಕ್ಕೆ 78 ಸಾವಿರ ಡಾಲರ್. ಉಳಿದ 53 ಸಾವಿರ ಡಾಲರ್ ಮನೆಯವರ ಪಾಲು, ಆಗಿನ ದರದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿಯ ಮೇಲೆ. ಆಕೆ ಎರಡನೆಯ ಪ್ರಶ್ನೆ ಕೇಳಿದರು: “ಮುಂದಿನ ವರ್ಷ ಫೀಜು ಏರಿದರ ಇದೂ ಏರತದೇನ್ರಿ?” ಇಲ್ಲ, ಸ್ಕಾಲರ್‌ಶಿಪ್ ಅಷ್ಟೇ ಇರುತ್ತದೆ, ಶುಲ್ಕ ಮಾತ್ರ ಏರುತ್ತದೆ. ತಂದೆ ಫೈಲು ಮುಚ್ಚಿದರು. ಮಗಳ ಕಣ್ಣಲ್ಲಿ ನೀರು.

ಆ ಹುಡುಗಿಗೆ ಇನ್ನೊಂದು ಸಣ್ಣ ಕಾಲೇಜಿನಿಂದಲೂ ಪತ್ರ ಬಂದಿತ್ತು. ಅದರಲ್ಲಿ ‘ಸ್ಕಾಲರ್‌ಶಿಪ್’ ಎಂಬ ಮಾತೇ ಇರಲಿಲ್ಲ, ‘ಗ್ರಾಂಟ್’ ಎಂದಿತ್ತು. ಕಾಲೇಜಿನ ಹೆಸರು ಸಂಬಂಧಿಕರಲ್ಲಿ ಯಾರೂ ಕೇಳಿದ್ದಲ್ಲ, ಹಾಗಾಗಿ ಪತ್ರ ಮನೆಯಲ್ಲೇ ಇತ್ತು. ಮರುದಿನ ತಂದರು. ಆದಾಯ ನೋಡಿ ಕೊಟ್ಟ ನೆರವು ಅದು. ಮನೆಯವರ ಪಾಲು ವರ್ಷಕ್ಕೆ 4 ಲಕ್ಷ ರೂಪಾಯಿಯಷ್ಟು. ಫ್ಲ್ಯಾಟು ಅಡವಿಡದೆ, ಬರೇ ಏಳೂವರೆ ಲಕ್ಷದ ಸಾಲದಲ್ಲಿ, ಉಳಿದದ್ದನ್ನು ಮನೆಯ ಉಳಿತಾಯದಲ್ಲಿ ಹೊಂದಿಸಿ ಹುಡುಗಿ ಹೋದಳು. ಪಟ್ಟಿಯ ಬೆಲೆ ನೋಡಿದರೆ ಆ ಎರಡನೆಯ ಕಾಲೇಜೇ ಹೆಚ್ಚು ದುಬಾರಿ!

ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಉದಾರತೆಯನ್ನು ಎಷ್ಟು ಕೊಟ್ಟರು ಎಂಬುದರಿಂದ ಅಳೆಯಬೇಡಿ, ನಮಗೆ ಎಷ್ಟು ಉಳಿಸಿದರು ಎಂಬುದರಿಂದ ಅಳೆಯಿರಿ. ಅದೂ ಒಂದು ವರ್ಷಕ್ಕಲ್ಲ, ನಾಲ್ಕು ವರ್ಷಕ್ಕೆ.

ಪತ್ರದ ಒಳಗಿನ ಶಬ್ದಗಳನ್ನು ಈಗ ಬಿಡಿಸೋಣ. ಗ್ರಾಂಟ್, ಸ್ಕಾಲರ್‌ಶಿಪ್ ಎಂದರೆ ವಾಪಸು ಕೊಡಬೇಕಾಗಿಲ್ಲ. ಲೋನ್ ಎಂದರೆ ಸಾಲ. ಅದನ್ನೂ ಕೆಲವರು ‘ಏಡ್’ ಎಂಬ ಪಟ್ಟಿಯಲ್ಲೇ ಸೇರಿಸಿ ಒಟ್ಟು ಮೊತ್ತ ಹಿಗ್ಗಿಸುತ್ತಾರೆ. ವರ್ಕ್ ಅಥವಾ ಕ್ಯಾಂಪಸ್ ಜಾಬ್ ಎಂದರೆ ನಿಮ್ಮ ಮಗು ಗ್ರಂಥಾಲಯದಲ್ಲೋ ಕ್ಯಾಂಟೀನಿನಲ್ಲೋ ದುಡಿದು ಗಳಿಸಬೇಕಾದ ಹಣ. ಎಫ್-1 ವೀಸಾದಲ್ಲಿ ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕ್ಯಾಂಪಸ್ ಕೆಲಸ ಮಾಡುವ ಹಾಗಿಲ್ಲ. ಅದೇ ಹಣ ನಂಬಿ ಫೀಸು ಕಟ್ಟಲಾಗದು. ಇನ್ನು ಯಾರೂ ಹೇಳದ ಒಂದು ಸಂಗತಿ: ಊಟ, ವಸತಿಗೆ ಕೊಟ್ಟ ಅನುದಾನವನ್ನು ಅಮೆರಿಕದ ತೆರಿಗೆ ಕಾನೂನು ಆದಾಯವೆಂದು ಎಣಿಸುತ್ತದೆ. ವಿದೇಶಿ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಶೇ. 14 ಮುರಿಯುತ್ತಾರೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ. ರಿಟರ್ನ್ ಸಲ್ಲಿಸಿದರೆ ಅದರ ಪ್ರಯೋಜನ ಪಡೆಯಬಹುದು. ಮಗಳಿಗೆ ಮೊದಲ ವರ್ಷವೇ ಇದನ್ನು ಹೇಳಿಕೊಡಿ.

ಅರ್ಜಿಯ ವಿಚಾರ. ಅಮೆರಿಕ ಸರಕಾರದ ನೆರವಿನ ಫಾರಂ ಅಲ್ಲಿನ ನಾಗರಿಕರಿಗೆ ಮತ್ತು ಕೆಲವು ಅರ್ಹ ವಲಸಿಗರಿಗೆ ಮಾತ್ರ. ಮಗು ಹುಟ್ಟಿದ್ದೇ ಅಲ್ಲಾಗಿದ್ದು ಅಲ್ಲಿನ ಪೌರತ್ವ ಇದ್ದರೆ ಮರೆಯದೆ ತುಂಬಿ. ಉಳಿದವರಿಗೆ ಬಹಳಷ್ಟು ಖಾಸಗಿ ಕಾಲೇಜುಗಳು ಕೇಳುವುದು ‘ಸಿಎಸ್‌ಎಸ್ ಪ್ರೊಫೈಲ್’. ಸಂಬಳ, ಬಾಡಿಗೆ, ಠೇವಣಿ, ಆಸ್ತಿ, ಸಾಲ, ಮನೆಯಲ್ಲಿ ಓದುವ ಇತರ ಮಕ್ಕಳು, ಎಲ್ಲ ಬರೆಯಬೇಕು. ಹೆಚ್ಚಿನ ಮನೆಗಳಲ್ಲಿ ಈ ಫಾರಂ ತುಂಬುವುದು ತಂದೆ ಮತ್ತು ಮಗು. ತಾಯಿ ಕೂಡ ಕೂರಬೇಕು ಎಂದು ನನ್ನ ಒತ್ತಾಯ. ಅತ್ತೆಯ ಔಷಧಿಗೆ ತಿಂಗಳಿಗೆ ಎಷ್ಟು ಹೋಗುತ್ತದೆ, ಊರಿನ ಮನೆಗೆ ಎಷ್ಟು ಕಳಿಸುತ್ತೇವೆ, ಇದು ನಮಗೆ ಗೊತ್ತಿರುವಷ್ಟು ಅವರಿಗೆ ಗೊತ್ತಿರುವುದಿಲ್ಲ. ವಿಶೇಷ ಪರಿಸ್ಥಿತಿ ಬರೆಯಲು ಅದರಲ್ಲಿ ಜಾಗ ಇದೆ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಮುಚ್ಚಿಟ್ಟರೆ ಪ್ರವೇಶವೇ ರದ್ದಾಗಬಹುದು.

‘ನಾವೇನು ಬೇಡಿಕೊಳ್ಳುವವರಾ?’ ಎಂದು ನೆರವಿನ ಫಾರಂ ಮುಟ್ಟದ ತಂದೆಯರನ್ನೂ ಕಂಡಿದ್ದೇನೆ. ಅಂಥವರಿಗೆ ನಾನು ಹೇಳುತ್ತಿದ್ದದ್ದು: ಹಾರ್ವರ್ಡ್‌ನಲ್ಲಿ ಓದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೆರವು ಪಡೆಯುವವರೇ. ದತ್ತಿ ಇಟ್ಟವರು ಇಟ್ಟದ್ದೇ ಅದಕ್ಕೆ. ನಮ್ಮ ಮುಂಬಯಿಯಲ್ಲೇ ಜೆ. ಎನ್. ಟಾಟಾ ಎಂಡೋಮೆಂಟ್ 1892ರಿಂದ ಉನ್ನತ ಶಿಕ್ಷಣಕ್ಕೆ ಹೋಗುವ ಭಾರತೀಯರಿಗೆ ಸಾಲರೂಪದ ವಿದ್ಯಾರ್ಥಿವೇತನ ಕೊಡುತ್ತಿದೆ. ಅದನ್ನು ಪಡೆದದ್ದು ಯಾರಿಗೂ ಅವಮಾನ ಅನ್ನಿಸಿಲ್ಲ.

ಈಗ ಸ್ವಲ್ಪ ಕಹಿ ಮಾತು. ಮಗನಿಗಾಗಿ ಮನೆ ಅಡವಿಡಲು ಬಂದವರನ್ನು ಆ ಮೇಜಿನಲ್ಲಿ ಬಹಳ ಕಂಡೆ. ಮಗಳ ಮಾತು ಬಂದಾಗ ಅದೇ ಜನ ‘ಸ್ಕಾಲರ್‌ಶಿಪ್ ಸಿಕ್ಕರೆ ನೋಡೋಣ’ ಅನ್ನುತ್ತಿದ್ದರು. ಅಣ್ಣನ ಸಾಲದ ಕಂತು ನಡೆಯುತ್ತಿರುವಾಗ ತಂಗಿಯ ಸರದಿ ಬರುತ್ತದೆ. ಆಗ ಅಡವಿಡಲು ಏನೂ ಉಳಿದಿರುವುದಿಲ್ಲ. ಒಂದು ಲೆಕ್ಕ ಕೊಡುತ್ತೇನೆ. 40 ಲಕ್ಷ ಸಾಲ, ಶೇ. 10 ಬಡ್ಡಿ, 15 ವರ್ಷ ಎಂದರೆ ತಿಂಗಳ ಕಂತು ಸುಮಾರು 43 ಸಾವಿರ. ಓದುವ ಕಾಲದಲ್ಲಿ ಕಂತು ಇಲ್ಲದಿದ್ದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಕೆಲಸ ಸಿಗುವುದು ತಡವಾದರೆ ಆ 43 ಸಾವಿರ ಯಾರ ಪಿಂಚಣಿಯಿಂದ ಹೋಗುತ್ತದೆ? ಮೊದಲ ಮಗುವಿಗೆ ಸಹಿ ಹಾಕುವಾಗಲೇ ಎರಡನೆಯ ಮಗುವಿನ ಹೆಸರನ್ನೂ ಅದೇ ಕಾಗದದ ಮೇಲೆ ಬರೆದು ಲೆಕ್ಕ ಹಾಕಿ. ಸಾಲದ ಕಾಗದಕ್ಕೆ ಸಹಆರ್ಜಿದಾರಳಾಗಿ ನೀವೂ ಸಹಿ ಹಾಕುತ್ತೀರಿ ಎಂದರೆ, ಲೆಕ್ಕ ಕೇಳುವ ಹಕ್ಕೂ ನಿಮಗಿದೆ. ಆದಾಯ ನೋಡಿ ನೆರವು ಕೊಡುವ ಸೂತ್ರ ಮಗನೋ ಮಗಳೋ ಎಂದು ಕೇಳುವುದಿಲ್ಲ. ನಮ್ಮ ಮನೆಯ ಸೂತ್ರವೂ ಕೇಳಬಾರದು.

ಇನ್ನು ನಮ್ಮ ದೇಶದ ವಿಚಾರ, ಸಂಕ್ಷೇಪವಾಗಿ. ಇಲ್ಲಿಯೂ ಖಾಸಗಿ ವಿಶ್ವವಿದ್ಯಾಲಯಗಳ ಶುಲ್ಕ ಲಕ್ಷಗಳಲ್ಲಿ ಓಡುತ್ತಿದೆ, ಆದರೆ ಆದಾಯ ನೋಡಿ ನೆರವು ಕೊಡುವ ಪದ್ಧತಿಯೂ ಬರುತ್ತಿದೆ. ಹರಿಯಾಣದ ಸೋನಿಪತ್‌ನಲ್ಲಿರುವ ಅಶೋಕ ವಿಶ್ವವಿದ್ಯಾಲಯ ಕುಟುಂಬದ ಶಕ್ತಿ ನೋಡಿ ಶುಲ್ಕ ಮನ್ನಾ ಮಾಡುತ್ತದೆ. ನಮ್ಮ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಆದಾಯಕ್ಕೆ ತಕ್ಕಂತೆ ಬೋಧನಾ ಶುಲ್ಕದ ಜೊತೆಗೆ ವಸತಿ, ಊಟಕ್ಕೂ ನೆರವು ಇದೆ. ಮನೆಯಿಂದ ರಾತ್ರಿ ಬಸ್ಸಿನ ದೂರದಲ್ಲಿರುವ ಇಂಥವನ್ನು ಪಟ್ಟಿಯಿಂದ ಬಿಡಬೇಡಿ. ಸಾಲ ಬೇಕಾದರೆ, 2024ರ ನವೆಂಬರ್‌ನಲ್ಲಿ ಕೇಂದ್ರ ಸರಕಾರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉತ್ತಮ ಸಂಸ್ಥೆಗಳಿಗೆ ಅಡಮಾನವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದವರೆಗೆ ಇದ್ದು ಬೇರೆ ಸರಕಾರಿ ವಿದ್ಯಾರ್ಥಿವೇತನ ಇಲ್ಲದಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಓದುವ ಕಾಲದಲ್ಲಿ ಶೇ. 3 ಬಡ್ಡಿ ರಿಯಾಯಿತಿಗೆ ಅರ್ಜಿ ಹಾಕಬಹುದು. ಇದು ಭಾರತದೊಳಗಿನ ಓದಿಗೆ ಮಾತ್ರ. ಹಲವು ಸರಕಾರಿ ಬ್ಯಾಂಕುಗಳು ಹೆಣ್ಣುಮಕ್ಕಳಿಗೆ ಶೇ. 0.5 ಕಡಿಮೆ ಬಡ್ಡಿ ಹಾಕುತ್ತವೆ. ಬಾಯಿಬಿಟ್ಟು ಕೇಳಿ.

ಕೊನೆಯದಾಗಿ, ನೆರವಿನ ಪತ್ರ ಕೈಗೆ ಬಂದ ದಿನ ಕೇಳಬೇಕಾದ ಪ್ರಶ್ನೆಗಳು. ಇ-ಸಂಚಿಕೆಯಲ್ಲಿ ಓದುವವರು ಇದನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ:

1. ಈ ಮೊತ್ತ ಒಂದು ವರ್ಷಕ್ಕೋ, ನಾಲ್ಕು ವರ್ಷಕ್ಕೋ?
2. ಇದರಲ್ಲಿ ವಾಪಸು ಕೊಡಬೇಕಾದ್ದು ಎಷ್ಟು, ಮಗು ದುಡಿದು ಗಳಿಸಬೇಕಾದ್ದು ಎಷ್ಟು?
3. ಶುಲ್ಕ ಏರಿದರೆ ನೆರವೂ ಏರುತ್ತದೆಯೇ?
4. ನೆರವು ಮುಂದುವರಿಯಲು ಎಷ್ಟು ಅಂಕ ಬೇಕು? ಒಂದು ಸೆಮಿಸ್ಟರ್ ಎಡವಿದರೆ ಏನು?
5. ಮನೆಯಲ್ಲಿ ಆದಾಯ ನಿಂತರೆ, ಯಾರಾದರೂ ಕಾಯಿಲೆ ಬಿದ್ದರೆ, ಮರುಪರಿಶೀಲನೆ ಇದೆಯೇ?
6. ವಿಮಾನ, ವಿಮೆ, ಪುಸ್ತಕ, ಚಳಿಯ ಬಟ್ಟೆ, ರಜೆಯಲ್ಲಿ ಹಾಸ್ಟೆಲು, ಇವು ಲೆಕ್ಕದಲ್ಲಿ ಸೇರಿವೆಯೇ?

ಉತ್ತರಗಳನ್ನು ಫೋನಿನಲ್ಲಿ ಕೇಳಿ ಬಿಡಬೇಡಿ, ಇಮೇಲಿನಲ್ಲಿ ಪಡೆಯಿರಿ. ನೆರವು ಸಾಲದು ಎನಿಸಿದರೆ ಕಾರಣ ಕೊಟ್ಟು, ದಾಖಲೆ ಲಗತ್ತಿಸಿ ಮತ್ತೊಮ್ಮೆ ಕೇಳಿ. ಅವರ ಆರ್ಥಿಕ ನೆರವಿನ ಕಚೇರಿ ಇರುವುದೇ ಅದಕ್ಕೆ. ಹೆಚ್ಚೆಂದರೆ ಇಲ್ಲ ಎಂದಾರು.

ಒಳ್ಳೆಯ ಕಾಲೇಜು ಮಕ್ಕಳ ಬದುಕು ಬದಲಿಸುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮಗಳು ವಿಮಾನ ಹತ್ತಿದ ರಾತ್ರಿ ತಂದೆತಾಯಿ ನೆಮ್ಮದಿಯಾಗಿ ನಿದ್ದೆ ಮಾಡುವ ಹಾಗೂ ಇರಬೇಕಲ್ಲ. ಪ್ರತಿ ತಿಂಗಳ ಎರಡನೆಯ ಶನಿವಾರ ಸಂಜೆ ನಾಲ್ಕರಿಂದ ಆರರವರೆಗೆ ನಾನು ಸಂಘದ ವಾಚನಾಲಯದಲ್ಲಿ ಇರುತ್ತೇನೆ. ಪತ್ರ ಬಂದವರು ಪತ್ರ ತನ್ನಿ, ಇನ್ನೂ ಬರದವರು ಪ್ರಶ್ನೆ ತನ್ನಿ. ಮಗುವನ್ನೂ ಕರೆದುಕೊಂಡು ಬನ್ನಿ, ಲೆಕ್ಕ ಅವರ ಮುಂದೆಯೇ ಆಗಲಿ.